ಮ್ಯಾಲ ಹೊಂಟ ಪೆಟ್ಟಿಗೆ

ರೇವಣಪ್ಪನ ಆ ದಿನದ ಸಂಕಟಕ್ಕೆಲ್ಲ ಕಾರಣ ಬೆಂಕಿಪೊಟ್ಟಣದಷ್ಟು ಅಗಲದ ಒಂದು ಅಂಟುಚೀಟಿ. ಅದರ ನಡುವೆ ಜೀರಿಗೆ ಕಾಳಿನಂಥ ಗಾಜಿನ ಕೊಳವೆ, ಕೊಳವೆಯೊಳಗೆ ಬೆಳ್ಳಗಿನದೇನೋ ಇತ್ತು. ಈ ಚೀಟಿ ಹಚ್ಚಿದ ಪೆಟ್ಟಿಗೆಯನ್ನು ಯಾರಾದರೂ ಗುದ್ದಿದರೆ, ಕೆಡವಿದರೆ, ಗಾಡಿಯಲ್ಲಿಟ್ಟು ಗುಂಡಿಯೊಳಗೆ ಧಡ್ ಎಂದು ಇಳಿಸಿದರೆ ಆ ಬಿಳುಪು ರೆಪ್ಪೆ ಬಡಿಯುವುದರೊಳಗೆ ಕೆಂಪಾಗುತ್ತದೆ. ಒಮ್ಮೆ ಕೆಂಪಾಯಿತೆಂದರೆ ಕೈಕಾಲು ಹಿಡಿದರೂ ಮತ್ತೆ ಬೆಳ್ಳಗಾಗುವುದಿಲ್ಲ.

ರೇವಣಪ್ಪ ಜೇವರ್ಗಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಮೇಷ್ಟ್ರು. ಪಾಠ ಮಾಡುವಾಗಲೂ ಕಪ್ಪುಹಲಗೆಗೆ ನೋವಾದೀತೇನೋ ಎನ್ನುವಂತೆ ಮೆಲ್ಲಗೆ ಬರೆಯುವ ಪೈಕಿ. ಅವನ ವಿಭಾಗದ ಮುಖ್ಯಸ್ಥೆ ಖುರ್ಷಿದಬೇಗಂ ಅವರದು ಇದಕ್ಕೆ ಪೂರ್ತಿ ಉಲ್ಟಾ. ಅವರು ತರಗತಿಗೆ ಬಂದರೆ ಫ್ಯಾನು ಕೂಡ ಶಿಸ್ತಿನಿಂದ ತಿರುಗುತ್ತದೆ ಎಂದು ಹುಡುಗರು ಹೇಳುತ್ತಿದ್ದರು. ಲಡಾಖ್ ಕಡೆಯ ಒಂದು ಬೆಟ್ಟದ ನೆತ್ತಿಯಲ್ಲಿರುವ ದೊಡ್ಡ ದೂರದರ್ಶಕಕ್ಕೆ ಒಂದು ಉಪಕರಣ ಕಟ್ಟಿಕೊಡುವ ಕೆಲಸವನ್ನು ಎರಡು ವರ್ಷದ ಹಿಂದೆ ಒಪ್ಪಿಕೊಂಡು ಬಂದದ್ದು ಅವರೇ. ನಕ್ಷತ್ರದಿಂದ ಬಂದ ಬೆಳಕನ್ನು ಕಾಮನಬಿಲ್ಲಿನ ಹಾಗೆ ಬಣ್ಣಬಣ್ಣವಾಗಿ ಬಿಡಿಸಿ, ಆ ನಕ್ಷತ್ರದ ಹೊಟ್ಟೆಯಲ್ಲಿ ಏನೇನಿದೆ ಎಂದು ತಿಳಿಸುವ ಉಪಕರಣ ಅದು.

ಜೇವರ್ಗಿಯಲ್ಲಿ ಲಾರಿಗಳ ಓಡಾಟಕ್ಕೆ ನೆಲ ನಡುಗುತ್ತದೆಂದು ಮೇಡಂ ಇಜೇರಿಯಲ್ಲಿ ಹಳೆಯ ಕಲ್ಲಿನ ಗೋದಾಮು ಹಿಡಿದರು. ಧೂಳು ಏಳಬಾರದೆಂದು ಅಲ್ಲಿ ಫ್ಯಾನು ಹಾಕುವ ಹಾಗಿರಲಿಲ್ಲ. ತಲೆಗೆ ಟೊಪ್ಪಿಗೆ, ಮೂಗಿಗೆ ಬಟ್ಟೆ, ಮೈತುಂಬ ಬಿಳಿ ಅಂಗಿ ತೊಟ್ಟು, ಆ ಸೀಮೆಯ ಬಿಸಿಲಲ್ಲಿ ಕುದ್ದುಹೋಗುತ್ತ ಇಬ್ಬರೂ ಮಸೂರಗಳನ್ನೂ ಕನ್ನಡಿಗಳನ್ನೂ ಕೂದಲೆಳೆಯ ಲೆಕ್ಕದಲ್ಲಿ ಸರಿಸಿ ಕೂರಿಸಿದರು. "ರೇವಣಪ್ಪ, ಗಾಜಿನ ಮ್ಯಾಲ ಉಸರ ಬಿಡಬ್ಯಾಡ್ರಿ" ಎಂದು ಮೇಡಂ ಹೇಳಿ ಹೇಳಿ, ಆತ ಮನೆಯಲ್ಲಿ ಊಟಕ್ಕೆ ಕೂತಾಗಲೂ ಉಸಿರು ಬಿಗಿಹಿಡಿಯುವ ಚಟ ಕಲಿತಿದ್ದ. ಕೊನೆಗೊಂದು ದಿನ ಗೋದಾಮಿನ ಕಿಂಡಿಯಿಂದ ಒಂದು ಚುಕ್ಕೆಯ ಬೆಳಕು ಒಳಗೆ ಬಂದು, ಪರದೆಯ ಮೇಲೆ ಸಣ್ಣ ಬಣ್ಣದ ಪಟ್ಟಿಯಾಗಿ ಬಿಡಿಸಿಕೊಂಡಿತು. ರೇವಣಪ್ಪ ಮುಖ ತಿರುಗಿಸಿ ಕಣ್ಣೊರೆಸಿಕೊಂಡ. ಕಣ್ಣೀರು ಗಾಜಿನ ಮೇಲೆ ಬೀಳಬಾರದಲ್ಲ.

ಉಪಕರಣ ಕೂರಿಸುವ ಜಾಗ ಸಿದ್ಧಮಾಡಲು ಮೇಡಂ ಮೊದಲೇ ಬೆಟ್ಟಕ್ಕೆ ಹೋದರು. ಅದನ್ನು ಪೆಟ್ಟಿಗೆಗೆ ತುಂಬಿ ಕಲಬುರಗಿಯ ತನಕ ಮುಟ್ಟಿಸುವ ಹೊಣೆ ರೇವಣಪ್ಪನ ತಲೆಗೆ ಬಂತು. ಹೊರಡುವ ದಿನ ಬೆಳಿಗ್ಗೆ ಮೇಡಂ ಫೋನು ಮಾಡಿದರು.

"ರೇವಣಪ್ಪ, ಲಾರಿ ಇವತ್ತ ಸಂಜೀಕ ಕಲಬುರಗಿ ಬಿಡ್ತದ. ಅದು ತಪ್ಪಿದ್ರ ಇಲ್ಲಿ ಬರ್ಫ್ ಬಿದ್ದು ದಾರಿ ಬಂದ್ ಆಗ್ತದ. ಆಮ್ಯಾಲ ಮುಂದಿನ ವರ್ಷನ. ಚೀಟಿ ಕೆಂಪಾತಂದ್ರ ಲಾರಿಯವರು ಪೆಟ್ಟಿಗೆ ಮುಟ್ಟಂಗಿಲ್ಲ. ತಿಳೀತಿಲ್ಲ?"

"ತಿಳೀತ್ರಿ ಮೇಡಂ."

"ಬಿಳೀ ಇರಬೇಕು."

"ಬಿಳೀ ಇರ್ತದ್ರಿ ಮೇಡಂ" ಎಂದ ರೇವಣಪ್ಪ. ಅಂದಮೇಲೆ ಅವನ ಮುಖವೇ ಚೀಟಿಗಿಂತ ಬೆಳ್ಳಗಾಯಿತು.

ಪೆಟ್ಟಿಗೆ ಆಳುದ್ದ ಇತ್ತು. ಗೋದಾಮಿನ ಎದುರಿನ ಮನೆಯ ಬಾನುಬಿ, "ಮಾಸ್ತರ, ಬರೇ ಗಾಡಿ ತಗಡಿನ ಮ್ಯಾಲ ಇಡ್ತೀರೇನ್ರಿ? ತೌಬಾ!" ಎಂದು ಒಳಗೆ ಹೋಗಿ ಮನೆಯ ಕೌದಿಗಳನ್ನೆಲ್ಲ ಹೊತ್ತು ತಂದಳು. "ಈ ಕೌದಿ ಮ್ಯಾಲ ಮಲಗಿದ ಕೂಸು ಒಂದೂ ಎಚ್ಚರಾಗಿಲ್ಲ. ನಿಮ್ಮ ಮಷೀನ್ ಎಚ್ಚರಾಗ್ತದೇನು?" ಗೂಡ್ಸ್ ಗಾಡಿಯಲ್ಲಿ ಕೌದಿಯ ಮೇಲೆ ಕೌದಿ ಹಾಸಿ, ಅದರ ಮೇಲೆ ಪೆಟ್ಟಿಗೆ ಇಳಿಸಿ, ಬಿಸಿಲು ತಾಗಬಾರದೆಂದು ಒಂದು ಬಿಳಿ ಚಾದರನ್ನೂ ಹೊದಿಸಿದಳು. ಚೀಟಿಯ ಜಾಗ ಮಾತ್ರ ತೆರೆದಿತ್ತು.

"ಅದ್ಯಾಕ್ರಿ ಇದಕ್ಕಿಷ್ಟು ಲಾಡ? ಏನ್ ಮಾಡ್ತದಿದು?"

"ಚುಕ್ಕಿ ಬೆಳಕ ಹಿಡೀತದ್ರಿ."

"ಮಾಳಗಿ ಮ್ಯಾಲ ಅಂಗಾತ ಮಲಗಿದ್ರ ಫುಕಟ್ ಕಾಣ್ತಾವಲ್ರಿ ಚುಕ್ಕಿ!"

ಪೆಟ್ಟಿಗೆ ಎತ್ತಲು ಬಂದಿದ್ದ ಗಂಡಸರಲ್ಲೊಬ್ಬ, "ಗಟ್ಟಿ ಅದನಿಲ್ಲೊ ನೋಡ್ತೇನ್ ತಡೀರಿ" ಎಂದು, ಸಂತೆಯಲ್ಲಿ ಎಮ್ಮೆಯ ಬೆನ್ನು ತಟ್ಟುವ ಉಮೇದಿನಲ್ಲಿ ಅಂಗೈ ಎತ್ತಿದ. ರೇವಣಪ್ಪ ಹಾರಿ ಪೆಟ್ಟಿಗೆಗೆ ಅಡ್ಡ ಬಿದ್ದ. ಏಟು ಅವನ ಬೆನ್ನಿಗೆ ಬಿತ್ತು. ಚೀಟಿ ಬೆಳ್ಳಗೇ ಇತ್ತು, ಬೆನ್ನು ಕೆಂಪಾಯಿತು.

ಗಾಡಿಯ ಯಜಮಾನ, ಚಾಲಕ ಎರಡೂ ಆದ ಏಜಾಜ ಎಂದಿನಂತೆ ಊದಿನಕಡ್ಡಿ ಹಚ್ಚಿ ಗಾಡಿ ಚಾಲೂ ಮಾಡಿದ. ಈ ರಸ್ತೆಯಲ್ಲಿ ಬಸ್ಸುಗಳನ್ನು ಹಿಂದೆ ಹಾಕುವುದೇ ಅವನ ಬಾಳಿನ ಸುಖ. ರೇವಣಪ್ಪ ಹಿಂದೆ ಪೆಟ್ಟಿಗೆಯ ಮಗ್ಗುಲಿಗೆ ಕೂತು, ಒಲೆಯ ಮೇಲಿನ ಹಾಲು ನೋಡುವಂತೆ ಚೀಟಿ ನೋಡುತ್ತ ಕೂಗಿದ. "ಏಜಾಜ, ಸಾವಕಾಶ! ಮಂದಿ ನಡದ್ಹಂಗ ಹೋಗಬೇಕ್ ಗಾಡಿ."

"ಸರ, ನಡದ್ಹಂಗ ಹೋಗೂದಾದ್ರ ಎಂಜಿನ್ ಯಾಕ್ರಿ? ಎರಡೆತ್ತು ಸಾಕಿತ್ತಲ್ಲ!"

ಆದರೂ ಸಾವಕಾಶವೇ ಹೊರಟ. ಎರಡೂ ಬದಿಗೆ ಹೂವಾಡಿದ ತೊಗರಿ ಹೊಲ, ನಡುವೆ ಮಳೆಗಾಲ ತಿಂದು ಬಿಟ್ಟ ಒಳರಸ್ತೆ. ಗುಂಡಿ ಬಂದಾಗಲೆಲ್ಲ ರೇವಣಪ್ಪ ಕೆಳಗೆ ಧುಮುಕಿ, ಮುಂದೆ ಓಡಿ, ಬಾನುಬಿಯ ಹೆಚ್ಚುವರಿ ಕೌದಿಯೊಂದನ್ನು ಮಡಚಿ ಗುಂಡಿಗೆ ತುರುಕುತ್ತಿದ್ದ. ಗಾಡಿ ಅದರ ಮೇಲೆ ಮೆತ್ತಗೆ ದಾಟಿದ ಮೇಲೆ ಕೌದಿ ಎತ್ತಿ ಕೊಡವಿಕೊಂಡು, ಮತ್ತೆ ಓಡಿ ಗಾಡಿ ಹತ್ತುತ್ತಿದ್ದ. ಮೂಗಿನ ತುದಿಯಿಂದ ಹಿಮ್ಮಡಿಯ ತನಕ ಕರಿ ಮಣ್ಣು ಮೆತ್ತಿಕೊಂಡು, ಆಗತಾನೆ ನೆಲದಿಂದ ಕಿತ್ತ ಶೇಂಗಾದಂತೆ ಕಾಣುತ್ತಿದ್ದ.

ಬುಟ್ಟಿ ಹೊತ್ತ ಮುದುಕಿಯೊಬ್ಬಳು ಹಿಂದಿನಿಂದ ನಡೆದು ಬಂದು ಗಾಡಿಯನ್ನು ದಾಟಿ ಮುಂದೆ ಹೋದಳು. ಏಜಾಜನ ಮರ್ಯಾದೆ ಅಲ್ಲೇ ಮಣ್ಣಾಯಿತು. ಸ್ವಲ್ಪ ದೂರ ಹೋದ ಮುದುಕಿ ನಿಂತು, ತಿರುಗಿ ನೋಡಿ, ಗಾಡಿ ಹತ್ತಿರ ಬರುವ ತನಕ ಕಾದು, ಅದು ಓಡುತ್ತಿರುವಾಗಲೇ ಮನೆ ಹೊಸ್ತಿಲು ದಾಟಿದ ಹಾಗೆ ಹತ್ತಿ ಕೂತುಬಿಟ್ಟಳು.

"ನಾ ನಿಂಬೆವ್ವರೀ. ಕಲಬುರಗ್ಯಾಗ ಮಗಳ ಬಾಣಂತನ. ಬುಟ್ಟ್ಯಾಗ ತತ್ತಿ ಅವ. ಬಸ್ಸಿಗಿ ಒಯ್ದ್ರ ಆಮ್ಲೇಟ್ ಆಗ್ತಾವ. ಇಂಥಾ ಛಲೋ ಗಾಡಿ ನನ್ನ ಜಲ್ಮದಾಗ ನೋಡಿಲ್ಲ ಯಪ್ಪಾ!"

ಅದು ಇಡೀ ದಿನದಲ್ಲಿ ಏಜಾಜನ ಗಾಡಿಗೆ ಸಿಕ್ಕ ಮೊದಲ ಹೊಗಳಿಕೆ. ಆದರೂ ಅವನು ಖುಷಿಪಡಲಿಲ್ಲ.

ರಸ್ತೆ ಇಕ್ಕಟ್ಟು. ಹಿಂದೆ ಮೊದಲು ಒಂದು ಬೈಕು ಬಂದು ಸಿಕ್ಕಿಕೊಂಡಿತು, ಆಮೇಲೆ ಒಂದು ಟ್ರ್ಯಾಕ್ಟರು, ಆಮೇಲೆ ಬಸ್ಸು. ಹಾರ್ನುಗಳ ಮೇಳ ಶುರುವಾಯಿತು. ಟ್ರ್ಯಾಕ್ಟರಿನ ಮಾಳಿಂಗ ಬಯ್ಯಲೆಂದೇ ಇಳಿದು ಓಡಿ ಬಂದ. ಅವನು ಖುರ್ಷಿದಬೇಗಂ ಅವರ ಹಳೆಯ ಶಿಷ್ಯ. ಭೌತಶಾಸ್ತ್ರದಲ್ಲಿ ಫೇಲಾಗಿ ಫೇಲಾಗಿ ಕೊನೆಗೆ ಅವರೇ ಮನೆಗೆ ಕರೆದು ಕೂರಿಸಿ ಕಲಿಸಿ ಪಾಸು ಮಾಡಿಸಿದ ಹುಡುಗ. ಬಂದು ನೋಡುತ್ತಾನೆ: ಆಳುದ್ದದ ಪೆಟ್ಟಿಗೆ, ಮೇಲೆ ಬಿಳಿ ಚಾದರು, ಊದಿನಕಡ್ಡಿಯ ಹೊಗೆ. ಪಕ್ಕದಲ್ಲಿ ಮೈಯೆಲ್ಲ ಮಣ್ಣು ಮಾಡಿಕೊಂಡು ತಲೆ ಬಗ್ಗಿಸಿ ಕೂತ ರೇವಣಪ್ಪ ಸರ್. ಬುಟ್ಟಿ ಅಪ್ಪಿಕೊಂಡು ಕೂತ ಒಬ್ಬ ಮುದುಕಿ. ಮಾಳಿಂಗನ ಬೈಗುಳ ಗಂಟಲಲ್ಲೇ ಒಣಗಿತು.

"ಸರ… ಯಾರದ್ರಿ ಇದು?"

"ಮೇಡಂದು" ಎಂದ ರೇವಣಪ್ಪ, ಚೀಟಿಯಿಂದ ಕಣ್ಣು ಕೀಳದೆ.

ಮಾಳಿಂಗ ಗಾಡಿಯ ಅಂಚು ಹಿಡಿದುಕೊಂಡ. "ಯಾವಾಗ ಆತ್ರಿ ಸರ?"

"ನಿನ್ನೆ ಸಂಜೀಕ ಪೂರ್ತಿ ಮುಗೀತು. ಎರಡ ವರ್ಷದ ಕಷ್ಟ ಮಾಳಿಂಗ… ಸಣ್ಣ ಕಷ್ಟಲ್ಲ."

"ಎರಡ ವರ್ಷ ಕಷ್ಟಪಟ್ರೇನ್ರಿ! ನಮಗ ಯಾರೂ ಹೇಳೇ ಇಲ್ಲ! ಮೇಡಂ…"

"ಮೇಡಂ ಆಗಲೇ ಮ್ಯಾಲ ಹೋಗ್ಯಾರ. ಇನ್ನ ಇದೊಂದ ಮ್ಯಾಲ ಹೋಗೂದು ಬಾಕಿ. ಹಾರ್ನ್ ಹೊಡೀಬ್ಯಾಡ್ರಿ ಅಂತ ಹಿಂದಿನವರಿಗಿ ಹೇಳಪಾ. ಡ್ರೈವರ್ ಗಾಬರ್ಯಾಗಿ ಬ್ರೇಕ್ ಹಾಕಿದ್ರ ಎಲ್ಲಾ ಹೋತು."

ಮಾಳಿಂಗ ತಲೆಯ ರುಮಾಲು ತೆಗೆದು ಕಣ್ಣಿಗೆ ಒತ್ತಿಕೊಂಡ. ಹಿಂದಕ್ಕೆ ಹೋಗಿ ಬಸ್ಸಿನವರಿಗೆ ಕೈಮುಗಿದು ಏನೋ ಹೇಳಿದ. ಹಾರ್ನುಗಳೆಲ್ಲ ಒಮ್ಮೆಗೇ ನಿಂತವು. ಬಸ್ಸಿನೊಳಗಿನ ಜನ ಎದ್ದು ನಿಂತರು. ಟ್ರ್ಯಾಕ್ಟರಿನ ಮೇಲೆ ಕೂತ ಮಾಳಿಂಗ ಅಳುತ್ತಲೇ ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕಿದ.

"ಎಷ್ಟ ಛಲೋ ಮಂದಿ ನೋಡ ಏಜಾಜ, ಒಂದ ಮಾತಿಗಿ ಸುಮ್ಮನಾದ್ರು" ಎಂದ ರೇವಣಪ್ಪ. ದಾರಿಯಲ್ಲಿ ಎದುರಾದವರು ಬೈಕು ನಿಲ್ಲಿಸಿ ಕೈ ಮುಗಿದರು. ಹೊಲದಲ್ಲಿದ್ದವರು ಬದುವಿಗೆ ಬಂದು ನಿಂತರು. ವಿಜ್ಞಾನದ ಬಗ್ಗೆ ಜನರಿಗೆ ಇಷ್ಟು ಗೌರವವಿದೆಯೆಂದು ಇಷ್ಟು ದಿನ ತನಗೆ ತಿಳಿಯಲೇ ಇಲ್ಲವಲ್ಲ ಎಂದು ರೇವಣಪ್ಪನ ಎದೆ ತುಂಬಿ ಬಂತು.

ಜೇವರ್ಗಿ ಮುಟ್ಟುವಷ್ಟರಲ್ಲಿ ಆ ಎದೆ ಒಡೆದೇ ಹೋಯಿತು. ಊರ ಬಾಯಿಯಲ್ಲಿ ಜಾತ್ರೆಯಂಥ ಗುಂಪು ನೆರೆದಿತ್ತು. ಚಹದ ಅಂಗಡಿಗಳು ಬಾಗಿಲು ಎಳೆದಿದ್ದವು. ಕಾಲೇಜಿನ ಹುಡುಗ ಹುಡುಗಿಯರು, ಹಳೆಯ ಶಿಷ್ಯರು, ಪ್ಯಾಂಟಿನವರು, ಧೋತರದವರು, ಬುರ್ಖಾದವರು, ಎಲ್ಲರ ಮುಂದೆ ಒಂದು ಕುರ್ಚಿ. ಕುರ್ಚಿಯ ಮೇಲೆ ಖುರ್ಷಿದಬೇಗಂ ಅವರ ದೊಡ್ಡ ಫೋಟೋ. ಫೋಟೋಕ್ಕೆ ಚೆಂಡುಹೂವಿನ ಹಾರ.

ರೇವಣಪ್ಪ ಫೋಟೋ ನೋಡಿದ, ಹಾರ ನೋಡಿದ. "ಅಯ್ಯಯ್ಯೋ! ಮೇಡಂ!" ಎಂದು ಕಿರುಚಿದ. ಬೆಳಿಗ್ಗೆಯಷ್ಟೇ ಮಾತಾಡಿದವರು! ಬೆಟ್ಟದ ಮೇಲೆ ಗಾಳಿ ಕಡಿಮೆ, ಉಸಿರು ಕಟ್ಟುತ್ತದೆ ಎಂದು ಅವರೇ ಹೇಳುತ್ತಿದ್ದರು. ತಾನು ಕೌದಿ ಹಾಸುತ್ತ ಮಣ್ಣಾಡುತ್ತಿದ್ದಾಗ ಅಲ್ಲಿ ಏನೋ ಆಗಿ, ಸುದ್ದಿ ಊರಿಗೆ ಬಂದಿದೆ. ಇಷ್ಟು ಹೊಳೆದದ್ದೇ ತಡ, ಅವನು ಪೆಟ್ಟಿಗೆಯ ಮೇಲೆ ತಲೆಯಿಟ್ಟು ಗೊಳೋ ಎಂದು ಅತ್ತ. ಅವನ ಅಳು ನೋಡಿ, ಅಲ್ಲಿಯ ತನಕ ತಡೆದುಕೊಂಡಿದ್ದವರೂ ಅತ್ತರು. ಮೇಡಂ ಯಾರೆಂದೇ ತಿಳಿಯದ ನಿಂಬೆವ್ವ, "ಎಂಥಾ ಹೆಣ್ಣಮಗಳು ಇದ್ಲೋ ಏನೋ" ಎಂದು ಬುಟ್ಟಿ ಕೆಳಗಿಟ್ಟು ಎಲ್ಲರಿಗಿಂತ ಜೋರಾಗಿ ಅತ್ತಳು.

ಮುಂದೆ ಊರ ನಡುವಿನ ರಸ್ತೆಯನ್ನು ಪೈಪು ಹಾಕಲೆಂದು ಅಗೆದಿದ್ದರು. ಗಾಡಿ ಹೋಗುವಂತಿರಲಿಲ್ಲ. "ಮೇಡಂ ಅವರನ್ನ ಗಾಡಿ ಮ್ಯಾಲ ಯಾಕ ಒಯ್ಬೇಕ್ರಿ? ನಮ್ಮ ಹೆಗಲಿಲ್ಲೇನು?" ಎಂದ ಮಾಳಿಂಗ. ಹತ್ತಾರು ಹೆಗಲು ಮುಂದೆ ಬಂದವು. ಪೆಟ್ಟಿಗೆ ಮೆಲ್ಲಗೆ ಮೇಲೆದ್ದಿತು. ಅಗೆದ ಮಣ್ಣಿನ ದಿಬ್ಬ, ಗುಂಡಿ, ಕಲ್ಲು ಎಲ್ಲದರ ಮೇಲೆ ಅದು ನೀರ ಮೇಲಿನ ದೋಣಿಯ ಹಾಗೆ ತೇಲಿತು. ಯಾರೂ ಎಡವಲಿಲ್ಲ, ಯಾರೂ ಅವಸರ ಮಾಡಲಿಲ್ಲ. ಪೆಟ್ಟಿಗೆಯ ಪಕ್ಕದಲ್ಲೇ ಮೂಗು ಸೀಟುತ್ತ ನಡೆದ ರೇವಣಪ್ಪ ಆ ದುಃಖದಲ್ಲೂ ಚೀಟಿ ನೋಡುವುದನ್ನು ಬಿಡಲಿಲ್ಲ. ಮೇಡಂ ಹೇಳಿದ ಕೊನೆಯ ಕೆಲಸವಲ್ಲವೆ!

ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. ಹೊರತೆಗೆದು ನೋಡಿದ. 'ಮೇಡಂ' ಎಂದಿತ್ತು.

ರೇವಣಪ್ಪ ಫೋನನ್ನು ಮೈಯಿಂದ ದೂರ ಹಿಡಿದ. "ಏ… ಏಜಾಜ… ಮ್ಯಾಲಿಂದ ಫೋನ್ ಬಂದದ!"

ಪಕ್ಕದಲ್ಲೇ ನಡೆಯುತ್ತಿದ್ದ ಏಜಾಜ ಫೋನು ಕಸಿದುಕೊಂಡು ಸ್ಪೀಕರಿಗೆ ಹಾಕಿದ. ಇಡೀ ಬೀದಿಗೆ ಕೇಳುವಂತೆ ಆ ಪರಿಚಿತ ಗದರು ದನಿ ಬಂತು: "ರೇವಣಪ್ಪ! ಚೀಟಿ ಬಿಳೀ ಅದನೋ ಇಲ್ಲೋ?"

ಹೆಗಲು ಕೊಟ್ಟವರ ಕಾಲು ನೆಲಕ್ಕೆ ಅಂಟಿದವು. ಮುಂದಿನ ಇಬ್ಬರು "ಯವ್ವೋ!" ಎಂದು ಪೆಟ್ಟಿಗೆ ಬಿಟ್ಟು ಓಡಿದರು. ಪೆಟ್ಟಿಗೆಯ ಮೂತಿ ಕೆಳಗೆ ವಾಲಿತು. ರೇವಣಪ್ಪ ಯೋಚನೆ ಮಾಡಲಿಲ್ಲ. ಅಂಗೈ ಮಂಡಿ ಎಲ್ಲ ಊರಿ, ಪೆಟ್ಟಿಗೆಯ ಕೆಳಗೆ ಕುದುರೆಯಾಗಿ ಬಗ್ಗಿದ. ಪೆಟ್ಟಿಗೆ ಅವನ ಬೆನ್ನಿನ ಮೇಲೆ, ಬೆಳಿಗ್ಗೆ ಏಟು ಬಿದ್ದ ಜಾಗದಲ್ಲೇ, ಬಂದು ಕೂತಿತು. ಅವನು "ಹ್ಞಾ" ಎಂದ. ಏಜಾಜ ಚೀಟಿ ನೋಡಿ, "ಬಿಳೀ ಅದ್ರಿ ಮೇಡಂ!" ಎಂದು ಕೂಗಿದ.

"ಅದೇನ್ ಗದ್ದಲ ಅಲ್ಲಿ?"

"ಮೇಡಂ" ಎಂದ ರೇವಣಪ್ಪ, ಪೆಟ್ಟಿಗೆಯ ಕೆಳಗಿಂದಲೇ, "ನೀವ… ಹ್ಯಾಂಗಿದ್ದೀರ್ರಿ?"

"ಹ್ಯಾಂಗೇನ್ರಿ, ಚಳಿಗಿ ಸತ್ತೇನಿ ನೋಡ್ರಿ!"

ಗುಂಪಿನಲ್ಲಿ ಮತ್ತೊಮ್ಮೆ ಗಲಾಟೆ. ಏನಾಗಿದೆಯೆಂದು ಬಿಡಿಸಿ ಹೇಳುವಷ್ಟರಲ್ಲಿ ಏಜಾಜನಿಗೆ ಸಾಕುಸಾಕಾಯಿತು. ಮೇಡಂ ಕೊನೆಯ ತನಕ ಕೇಳಿದರು. ಆಮೇಲೆ, "ಮೊದಲ ಸುದ್ದಿ ಹಾಕಿದವ ಯಾವ?" ಎಂದರು. ಎಲ್ಲರೂ ಮಾಳಿಂಗನ ಕಡೆ ನೋಡಿದರು.

"ನಾನ್ರಿ ಮೇಡಂ, ಮಾಳಿಂಗ."

"ಪ್ರಶ್ನೆ ಪೂರ್ತಿ ಓದಲಾರದ ಉತ್ತರ ಬರಿಯೋ ಚಟ ಇನ್ನೂ ಹೋಗಿಲ್ಲೇನಲೇ ನಿಂದು?"

ಬೀದಿಯ ತುಂಬ ನಗು ಹರಿಯಿತು. ಅಳುತ್ತಿದ್ದವರು ಅಳು ನಿಲ್ಲಿಸದೆಯೇ ನಕ್ಕರು. ಯಾರೋ ಓಡಿಹೋಗಿ ಫೋಟೋದಿಂದ ಹಾರ ತೆಗೆದರು; ತೆಗೆದದ್ದನ್ನು ಏನು ಮಾಡಬೇಕೆಂದು ತೋಚದೆ ರೇವಣಪ್ಪನ ಕೊರಳಿಗೆ ಹಾಕಿದರು. ಮೇಡಂ ದನಿ ಸ್ವಲ್ಪ ಮೆತ್ತಗಾಯಿತು. "ಇಷ್ಟ ಮಂದಿ ಬಂದೀರೇನು… ನಾ ಕ್ಲಾಸ್ ತಗೊಂಡಾಗ ಇದರ ಅರ್ಧಾನೂ ಬರ್ತಿರಲಿಲ್ಲ." ಮತ್ತೆ ಗದರು ದನಿಗೆ ಬಂದರು. "ಹೆಂಗೂ ಬಂದೀರಿ, ನನ್ನ ಪೆಟ್ಟಿಗೆ ದಾಟಿಸಿ ಹೋಗ್ರಿ."

ದಾಟಿಸಿದರು. ಅಗೆದ ರಸ್ತೆ ಮುಗಿಯುವ ತನಕ ಹೆಗಲು ಬದಲಿಸುತ್ತ, ಸರದಿಗೆ ಜಗಳಾಡುತ್ತ ಹೊತ್ತರು. ಅತ್ತ ಏಜಾಜ ಓಡಿಹೋಗಿ ಹೊಲದ ಕುಲುಕುದಾರಿಯಲ್ಲಿ ಸುತ್ತು ಹಾಕಿ ತಂದು ನಿಲ್ಲಿಸಿದ್ದ ಖಾಲಿ ಗಾಡಿಯಲ್ಲಿ, ಹಸುಗೂಸನ್ನು ತೊಟ್ಟಿಲಿಗೆ ಹಾಕುವಂತೆ ಪೆಟ್ಟಿಗೆ ಇಳಿಸಿದರು. ಒಬ್ಬ ಹುಡುಗಿ ಚೀಟಿಯನ್ನು ಬಗ್ಗಿ ನೋಡಿ, "ಸರ, ಇದರಾಗ ನಮ್ಮೂರ ಮ್ಯಾಲಿನ ಚುಕ್ಕಿನೂ ಕಾಣ್ತಾವೇನ್ರಿ?" ಎಂದು ಕೇಳಿದಳು. "ಅವೇ ಚುಕ್ಕಿ ಅಲ್ಲೂ ಇರ್ತಾವವ್ವ" ಎಂದ ರೇವಣಪ್ಪ. ಅವನಿಗೆ ಬೆನ್ನು ನೋಯುತ್ತಿರುವುದೇ ಮರೆತುಹೋಗಿತ್ತು.

ಭೀಮಾ ನದಿಯ ಸೇತುವೆ ದಾಟಿದ ಮೇಲೆ ರಸ್ತೆ ಹೆದ್ದಾರಿ. ಬೈಕಿನ ಹುಡುಗರು ಮುಂದೆ ದಾರಿ ಬಿಡಿಸುತ್ತ ಬಂದರು. ಹೊತ್ತು ಇಳಿಯುವ ಮೊದಲೇ ಗಾಡಿ ಕಲಬುರಗಿಯ ಹೊರವಲಯದ ಸಾಗಣೆ ಕಂಪನಿಯ ಗೋಡೌನು ಮುಟ್ಟಿತು. ದೊಡ್ಡ ಲಾರಿ ಬಾಲ ತೆರೆದು ನಿಂತಿತ್ತು. ಚೀಟಿ ಹಾಲಿನಂತೆ ಬೆಳ್ಳಗಿತ್ತು.

ಗೋಡೌನಿನ ಸೂಪರ್‌ವೈಸರ್ ಮುಕ್ರಮ. ರೂಲ್ಸು ಬಿಟ್ಟು ಉಸಿರಾಡದ ಮನುಷ್ಯ. ಕನ್ನಡಕ ಮೇಲೆತ್ತಿ ಚೀಟಿ ನೋಡಿದ, ಕೆಳಗಿಳಿಸಿ ನೋಡಿದ.

"ಎಲ್ಲಿಂದ ಬಂದೀರಿ?"

"ಇಜೇರಿಂದ್ರಿ."

"ಹೆಲಿಕಾಪ್ಟರದಾಗೇನ್ರಿ?"

"ಇಲ್ರಿ, ಈ ಗಾಡ್ಯಾಗ."

"ಈ ಗಾಡ್ಯಾಗ, ಇಜೇರಿಂದ, ಆ ರಸ್ತಾ ಹಿಡಿದು ಬಂದು ಚೀಟಿ ಬಿಳೀ ಅದ?" ಮುಕ್ರಮ ನಕ್ಕ. "ಸರ, ನಾ ಇಲ್ಲಿ ಕೆಲಸಕ್ಕ ಬಂದಾಗಿಂದ ಆ ಕಡಿಂದ ಒಂದೂ ಬಿಳೀ ಚೀಟಿ ಬಂದಿಲ್ಲ. ಹೋದ ತಿಂಗಳ ಬರೇ ಹತ್ತಿ ಗಾದಿ ತುಂಬಿದ ಪೆಟ್ಟಿಗೆ ಬಂತು, ಅದರ ಚೀಟೀನೂ ಕೆಂಪ! ಇದು ಡುಪ್ಲಿಕೇಟ್."

"ಖರೇದ್ರಿ! ಕೇಳ್ರಿ ಬೇಕಾದ್ರ ಇವರನ್ನ!"

ನಿಂಬೆವ್ವ ಬುಟ್ಟಿಯ ಅರಿವೆ ಸರಿಸಿದಳು. "ನೋಡ್ ತಮ್ಮಾ, ಒಂದ್ ತತ್ತಿ ಬಿರಕ ಬಿಟ್ಟಿಲ್ಲ."

"ತತ್ತಿ ನಮ್ಮ ರೂಲ್ಸ್‌ದಾಗ ಬರಂಗಿಲ್ಲ ಯಮ್ಮಾ" ಎಂದ ಮುಕ್ರಮ. "ಒರಿಜಿನಲ್ ಅದನೋ ಇಲ್ಲೋ ಈಗ ತಿಳೀತದ. ಒರಿಜಿನಲ್ ಇದ್ರ ಹಿಂಗ ಮಾಡಿದ್ರ…"

ರೇವಣಪ್ಪನಿಗೆ ಅರ್ಥವಾಗುವುದರೊಳಗೆ ಮುಕ್ರಮ ಮುಷ್ಟಿ ಕಟ್ಟಿ ಪೆಟ್ಟಿಗೆಯ ಮಗ್ಗುಲಿಗೆ ಧಡ್ ಎಂದು ಗುದ್ದಿದ. ರೇವಣಪ್ಪ ಹಾರಿದ, ಈ ಸಲ ತಡವಾಗಿತ್ತು.

ಚೀಟಿ ಕುಂಕುಮದಂತೆ ಕೆಂಪಾಯಿತು.

"ಅರೆ! ಒರಿಜಿನಲ್ಲೇ ಅದಲ್ರಿ!" ಎಂದ ಮುಕ್ರಮ, ನಿಜವಾದ ಮೆಚ್ಚುಗೆಯಿಂದ. "ಸಬಾಶ್ ಸರ, ಹ್ಯಾಂಗ ತಂದ್ರಿ?" ಆಮೇಲೆ ಮುಖ ಗಂಟು ಹಾಕಿದ. "ಆದ್ರ ಕೆಂಪಾಗ್ಯಾದಲ್ರಿ. ಕೆಂಪಾದದ್ದು ನಾ ತಗೊಳ್ಳಂಗಿಲ್ಲ."

"ಗುದ್ದಿದವ ನೀನೇ ಅಲ್ಲೋ ಭಾಯಿ!" ಏಜಾಜ ಕುಣಿದಾಡಿದ.

"ಯಾರ್ ಗುದ್ದಿದ್ರು ಅಂತ ರೂಲ್ಸ್ ಕೇಳಂಗಿಲ್ಲ. ಯಾವ್ ಬಣ್ಣ ಅಂತ ಅಷ್ಟ ಕೇಳ್ತದ."

ರೇವಣಪ್ಪ ಪೆಟ್ಟಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತುಬಿಟ್ಟ. "ಇದು ಲಾರಿ ಹತ್ತದ ಹೊರತು ನಾ ಇಲ್ಲಿಂದ ಏಳಂಗಿಲ್ರಿ" ಎಂದ. ಜೀವನದಲ್ಲಿ ಅವನು ಯಾರಿಗಾದರೂ ಇಷ್ಟು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಏಜಾಜ ಬೆಟ್ಟಕ್ಕೆ ಫೋನು ಹಚ್ಚಿ ಮುಕ್ರಮನ ಕಿವಿಗೆ ಹಿಡಿದ.

ಮೇಡಂ ಏನು ಹೇಳಿದರೋ ಹೊರಗೆ ಕೇಳಲಿಲ್ಲ. ಮುಕ್ರಮ ಮೊದಲು ನೆಟ್ಟಗೆ ನಿಂತ, ಆಮೇಲೆ ಅಂಗಿಯ ಗುಂ‌ಡಿ ಹಾಕಿಕೊಂಡ, ಕೊನೆಗೆ "ಹೌದ್ರಿ ಮೇಡಂ, ಹಂಗೊಂದ್ ರೂಲ್ ಅದ್ರಿ ಮೇಡಂ" ಎಂದು ತಲೆಯಾಡಿಸಿದ. ಫೋನಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದ.

"ಪೆಟ್ಟಿಗೆ ಹೋಗ್ತದ."

ಏಜಾಜ ಸೀಟಿ ಹೊಡೆದ. ನಿಂಬೆವ್ವ ಮುಕ್ರಮನಿಗೆ ದೃಷ್ಟಿ ತೆಗೆದು ಲಟಿಕೆ ಮುರಿದಳು. ರೇವಣಪ್ಪ ಎದ್ದು ಕಣ್ಣೊರೆಸಿಕೊಂಡ.

"ಚೀಟಿ ಕೆಂಪಾಗಿದ್ರೂ ನಡೀತದ. ಏನಂದ್ರ, ಮಷೀನ್ ಜೋಡಿಸಿದವರ ಪೈಕಿ ಒಬ್ರು ಪೆಟ್ಟಿಗೆ ಜೋಡಿನೇ ಹೋಗಿ, ಅಲ್ಲಿ ಬಿಚ್ಚಿ, ಎಲ್ಲಾ ಬರೋಬರಿ ಅದ ಅಂತ ತೋರಸಬೇಕು. ಅಷ್ಟ."

"ಅಷ್ಟೇನ?" ಎಂದು ರೇವಣಪ್ಪ ನಕ್ಕ. ಆಮೇಲೆ ಎಲ್ಲರೂ ತನ್ನನ್ನೇ ನೋಡುತ್ತಿರುವುದು ಅವನ ಗಮನಕ್ಕೆ ಬಂತು. ಹಿಂದೆ ಯಾರಾದರೂ ನಿಂತಿರಬಹುದೆಂದು ತಿರುಗಿ ನೋಡಿದ. ಗೋಡೆ ಇತ್ತು.

ಅರ್ಧ ತೋಳಿನ ಅಂಗಿ, ಕಾಲಲ್ಲಿ ಚಪ್ಪಲಿ, ಕೊರಳಲ್ಲಿ ಬಾಡಿದ ಚೆಂಡುಹೂವಿನ ಹಾರ. ಆ ವೇಷದಲ್ಲೇ ಅವನನ್ನು ಲಾರಿ ಹತ್ತಿಸಿದರು. ಏಜಾಜ ತನ್ನ ಕಿವಿಟೊಪ್ಪಿಗೆ ತೆಗೆದು ಅವನ ತಲೆಗೆ ಎಳೆದ. ಮೇಡಂ ಮತ್ತೆ ಫೋನು ಮಾಡಿ, "ಬರ್ರಿ ರೇವಣಪ್ಪ, ಖರೇ ಹೇಳಬೇಕಂದ್ರ ಕನ್ನಡಿ ಕೂಡಸಾಕ ನಿಮ್ಮಂಥಾ ಉಸರ ಹಿಡಿಯೋ ಮನಷ್ಯಾ ಇಲ್ಲಿ ಒಬ್ಬನೂ ಸಿಕ್ಕಿಲ್ಲ" ಎಂದರು. ಎರಡು ವರ್ಷದಲ್ಲಿ ಮೇಡಂ ಬಾಯಿಂದ ಬಂದ ಮೊದಲ ಹೊಗಳಿಕೆ. ರೇವಣಪ್ಪನಿಗೆ ಒಳಗೊಳಗೇ ಸಂತೋಷವಾಗಿ, ಚಳಿಯ ಹೆದರಿಕೆ ಅರ್ಧ ಇಳಿಯಿತು. ತಾವಿಬ್ಬರೂ ಇಜೇರಿಯ ಗೋದಾಮಿನಲ್ಲಿ ಬೆವರು ಸುರಿಸಿ ಕೂರಿಸಿದ ಗಾಜಿನೊಳಗೆ ಬೆಟ್ಟದ ಮೇಲಿನ ನಕ್ಷತ್ರಗಳ ಬೆಳಕು ಬೀಳುವುದನ್ನು ಕಣ್ಣಾರೆ ನೋಡಬಹುದಲ್ಲ!

ಲಾರಿ ಊರು ಬಿಡುತ್ತಿದ್ದಂತೆ ಹೆಂಡತಿ ಸುವರ್ಣಾಳ ಫೋನು ಬಂತು.

"ಎಲ್ಲಿದ್ದೀರಿ? ಬರೂ ಮುಂದ ಒಂದ್ ಸಿವುಡ ಕೊತ್ತಂಬರಿ ತರ್ರಿ. ರೊಟ್ಟಿ ಬಡೀಲಿಕ್ಕ ಕುಂತೇನಿ."

"ಸುವರ್ಣಾ, ನಾ ಬರೂದು ಜರಾ ತಡಾ ಆಗ್ತದ."

"ಎಷ್ಟ್ ತಡಾ?"

ರೇವಣಪ್ಪ ಫೋನಿಗೆ ಕೈ ಅಡ್ಡ ಹಿಡಿದು, ವಾಪಸ್ಸು ಬರುವುದು ಯಾವಾಗ ಎಂದು ಲಾರಿಯವನನ್ನು ಕೇಳಿದ. ಲಾರಿಯವ ಬೀಡಿ ಹಚ್ಚುತ್ತ, "ನಾವು ಹತ್ತಿದ ಮ್ಯಾಲ ದಾರಿ ಬಂದ್ ಆಗ್ತದ್ರಿ. ಬರ್ಫ್ ಕರಗಿದ ಮ್ಯಾಲನ ಇಳಿಯೂದು" ಎಂದ.

ರೇವಣಪ್ಪ ದೀರ್ಘವಾಗಿ ಉಸಿರೆಳೆದುಕೊಂಡು, ಹಿಡಿದು, ಬಿಟ್ಟ.

"ಯುಗಾದಿ ಸುಮಾರಿಗಿ ಬರ್ತೇನಿ."

ಆ ಕಡೆ ರೊಟ್ಟಿ ಬಡಿಯುವ ಸದ್ದು ನಿಂತು, ಮತ್ತೆ ಶುರುವಾಯಿತು.

"ಹಂಗಾರ" ಎಂದಳು ಸುವರ್ಣಾ, "ಕೊತ್ತಂಬರಿ ನಾನ ತರ್ತೇನಿ ಬಿಡ್ರಿ."